ಹನ್ನೊಂದನೇ ತೂಬಿನ ಕೆಂಪು ದೀಪ

"ನಿಮ್ಮ ಕೀ ಯಾರಿಗೆ ಕೊಟ್ಟಿದ್ದೀರಿ?"

ನಾಲೆಯ ಏರಿಯ ಮೇಲೆ ಸೈಕಲ್ಲಿನಿಂದ ಇಳಿಯುವ ಮೊದಲೇ ಅವಳು ಕೇಳಿಬಿಟ್ಟಳು.

ಹೊಲಗಳಿಗೆ ನೀರು ಬಿಡುವ ತೂಬಿನ ಗೇಟಿಗೆ ಗ್ರೀಸು ಹಚ್ಚುತ್ತಿದ್ದ ತೂಬಿನವನು ತಲೆಯೆತ್ತಿದ. ಸೊಂಟದ ಬೀಗದಕೈ ಗೊಂಚಲನ್ನು ಮುಟ್ಟಿ ನೋಡಿಕೊಂಡ. "ಇಲ್ಲೇ ಇದೆಯಲ್ಲಾ!"

"ಆ ಕೀ ಅಲ್ಲ, ಕಂಪ್ಯೂಟರಿಂದು."

"ಅದನ್ನ ಯಂತ್ರದೊಳಗೆ ಹಾಕಿದವರು ನೀವೇ ಅಲ್ವಾ? ನಾನು ಅದರ ಮುಖಾನೂ ನೋಡಿಲ್ಲ."

ಇವನಾ ಅವನು...? ಇಷ್ಟು ಚಿಕ್ಕ ವಯಸ್ಸಿನವನೆಂದು ಅವಳು ಎಣಿಸಿರಲಿಲ್ಲ. ಆದರೆ ಈ ಮುಖ ನೋಡಿ ಮೋಸಹೋಗಬಾರದು!

ನಾಲೆ ಕಚೇರಿಯ ಕಂಪ್ಯೂಟರುಗಳೆಲ್ಲ ಅವಳ ಉಸ್ತುವಾರಿ. ನಾಲೆಯುದ್ದಕ್ಕೂ ಹನ್ನೊಂದು ತೂಬು, ಒಂದೊಂದರಲ್ಲೂ ನೀರಿನ ಮಟ್ಟ ಅಳೆಯುವ ಯಂತ್ರ. ಅರ್ಧ ನಿಮಿಷಕ್ಕೊಮ್ಮೆ ಅದು ಅಳತೆಯನ್ನು ಕ್ಲೌಡ್ ಸೇವೆಗೆ ಕಳಿಸಬೇಕು. ಪ್ರತಿ ತೂಬಿಗೂ ಒಂದು ಗುಟ್ಟಿನ ಕೀ; ಅದರಿಂದ ಅಳತೆ ಕಳಿಸಿದರೂ, ತೆರೆದು ನೋಡಿದರೂ ಒಂದು ಕರೆಯ ಲೆಕ್ಕ. ಕೀ ಒಂದಕ್ಕೆ ನಿಮಿಷಕ್ಕೆ ಅರವತ್ತೇ ಕರೆ. ಮೀರಿದರೆ, 'ತುಂಬಾ ಸಲ ಕೇಳಿದ್ದೀರಿ, ಕಾಯಿರಿ' ಎಂದು ಸೇವೆ ಬಾಗಿಲು ಹಾಕಿಕೊಳ್ಳುತ್ತದೆ. ಯಂತ್ರದ ತಲೆಯ ಮೇಲೆ ಕೆಂಪು ದೀಪ ಹತ್ತುತ್ತದೆ.

ಮೂರು ವಾರದಿಂದ ಈ ಕೊನೆಯ ತೂಬಿನ ಕರೆಗಳು ಹಾಗೆ ವಾಪಸ್ಸು ಬರುತ್ತಿದ್ದವು. ಇಲ್ಲಿ ನೀರೆಷ್ಟಿದೆಯೆಂದು ಕಚೇರಿಗೆ ತಿಳಿಯದೆ ಎರಡು ಸಲ ಕೆಳಗಿನ ಹೊಲಗಳ ನೀರಿನ ಸರದಿ ತಪ್ಪಿತ್ತು.

"ಕೀಯನ್ನ ಹೊರಗಿನವರಿಗೆ ಹಂಚಿದ್ದಾನೆ ಕಣಮ್ಮ," ಎಂದಿದ್ದರು ಕಚೇರಿಯ ಸಾಹೇಬರು. "ಸಂಜೆಯೊಳಗೆ ವರದಿ ಕೊಡು. ಅವನನ್ನ ಕಳಿಸಿ ಮೋಟಾರ್ ಗೇಟು ಹಾಕಿಸಿಬಿಡೋಣ."

ಕೆಲಸ ಹೋದರೆ ತೂಬಿನ ಪಕ್ಕದ ಈ ಎರಡು ಕೋಣೆಯ ಮನೆಯೂ ಹೋದಂತೆಯೇ.

ಹೊಸ್ತಿಲಲ್ಲಿ ಕೂತು ಕಾಳು ಆರಿಸುತ್ತಿದ್ದ ಅವನ ಅಕ್ಕನಿಗೆ ಅದೆಲ್ಲ ವಾಸನೆ ಬಡಿದಿತ್ತು. "ಲೋ, ನಮ್ಮನ್ನ ಒಕ್ಕಲೆಬ್ಬಿಸೋಕೆ ಬಂದವರಿಗೆ ಕುಡಿಯೋಕೆ ನೀರು ಕೊಡ್ಲೋ ಬೇಡ್ವೋ?"

"ಕೊಡಕ್ಕಾ. ಬಿಸಿಲಲ್ಲಿ ಬಂದಿದ್ದಾರೆ."

ಅವಳು ನೀರು ಕುಡಿದು, ಜಗಲಿಯ ಮೇಲೆ ಲ್ಯಾಪ್‌ಟಾಪ್ ತೆರೆದಳು. ದಾಖಲೆಯಲ್ಲಿ ಯಾವ ಕೀ ಎಂಬುದು ಕಾಣುತ್ತಿತ್ತೇ ಹೊರತು ಕೇಳಿದವರು ಯಾರೆಂಬುದಲ್ಲ.

"ನೋಡಿ. ವಿಪರೀತ ಕರೆಗಳೆಲ್ಲ ಬೆಳಿಗ್ಗೆ ಒಂಬತ್ತರಿಂದ ಐದೂವರೆವರೆಗೆ. ಮಧ್ಯಾಹ್ನ ಒಂದರಿಂದ ಎರಡು, ಸದ್ದಿಲ್ಲ. ಭಾನುವಾರ ಇಲ್ಲವೇ ಇಲ್ಲ. ಯಂತ್ರ ಊಟಕ್ಕೆ ಏಳಲ್ಲ. ಇದು ಮನುಷ್ಯರ ಕೆಲಸ. ಒಪ್ಕೊಂಡುಬಿಡಿ!"

ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ ಯೋಚಿಸಿದ. ಉತ್ತರಕ್ಕೆ ಅವಸರವೇ ಇರಲಿಲ್ಲ ಅವನಿಗೆ.

"ನಾನು ಆರಕ್ಕೆ ಗೇಟಿಗೆ ಬರ್ತೀನಿ. ಊಟ ಮೂರಕ್ಕೆ. ನೀರಿಗೆ ಭಾನುವಾರ ಅಂತ ಇಲ್ಲ, ಹಾಗಾಗಿ ನನಗೂ ಇಲ್ಲ," ಎಂದ. "ಒಂಬತ್ತಕ್ಕೆ ಕೂತು, ಒಂದಕ್ಕೆ ಊಟಕ್ಕೆದ್ದು, ಐದೂವರೆಗೆ ಮನೆಗೆ ಹೋಗೋರು ನಿಮ್ಮ ಆಫೀಸಿನವರು."

ಅವಳು ದಾಖಲೆಯ ಗಂಟೆಗಳನ್ನು ಮತ್ತೊಮ್ಮೆ ನೋಡಿದಳು.

"ಇಲ್ಲಿ ನೀರು ಕಮ್ಮಿ ಆದ್ರೆ ನಾನು ಇಲ್ಲಿ ಹುಡುಕೋದಿಲ್ಲ. ಮೇಲಿನಿಂದ ಒಂದೊಂದೇ ತೂಬು ನೋಡ್ಕೊಂಡು ಬರ್ತೀನಿ. ನೀವು ನೇರ ಇಲ್ಲಿಗೇ ಬಂದ್ರಿ."

"ಅಯ್ಯೋ, ಅಷ್ಟು ದೂರ ಯಾಕೋ?" ಅಕ್ಕ ಮೊರ ಕೆಳಗಿಟ್ಟಳು. "ಬೆಳಿಗ್ಗೆಯಿಂದ ದೀಪ ಹಸಿರಿತ್ತು. ಈಯಮ್ಮ ಆ ಪೆಟ್ಟಿಗೆ ತೆರೆದ್ಲು... ನೋಡು, ಕೆಂಪು!"

ಮೂವರೂ ಯಂತ್ರದ ಕಡೆ ತಿರುಗಿದರು. ಹೌದು. ಕೆಂಪು!

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಒಂದು ನಿಮಿಷ... ಎರಡು... ಹಸಿರು. ತೆರೆದಳು. ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪು.

ಉಳಿದೆಲ್ಲ ಪುಟಗಳ ಹಿಂದೆ, ಯಾರ ಕಣ್ಣಿಗೂ ಬೀಳದಂತೆ, ಒಂದು ಪುಟ ತೆರೆದೇ ಇತ್ತು. 'ತೂಬು ಹನ್ನೊಂದು — ಷರಾ.'

ಅಳತೆಯ ಜೊತೆ ದಿನವೂ ತೂಬಿನವರು ಯಂತ್ರದಲ್ಲೇ ಷರಾ, ಅಂದರೆ ಒಂದು ಸಾಲಿನ ಟಿಪ್ಪಣಿ, ಬರೆಯಬೇಕೆಂಬುದು ನಿಯಮ. ಉಳಿದ ಹತ್ತು ತೂಬಿನವರು 'ಏನೂ ಇಲ್ಲ' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇವನೊಬ್ಬ ಬರೆಯುತ್ತಿದ್ದ: 'ನೀರು ಇವತ್ತು ಮಣ್ಣಿನ ಬಣ್ಣ. ಮೇಲೆಲ್ಲೋ ಮಳೆಯಾಗಿರಬೇಕು.' 'ಗೇಟಿನ ಸಂದಿಯಲ್ಲಿ ಮೀನುಮರಿ. ಅರ್ಧ ಗಂಟೆ ತಡವಾಗಿ ಮುಚ್ಚಿದೆ, ಕ್ಷಮಿಸಿ.'

ಎಂಟು ತಿಂಗಳಿಂದ ಆ ಸಾಲಿಗಾಗಿ ಅವಳು ಕಾಯುತ್ತಿದ್ದಳು. ಮೂರು ವಾರದ ಹಿಂದೆ ಎರಡು ದಿನ ಸಾಲೇ ಬರಲಿಲ್ಲ. ಏನಾಯಿತೋ ಎಂಬ ದಿಗಿಲಿನಲ್ಲಿ, ನಿಮಿಷಕ್ಕೊಮ್ಮೆ ತಾನಾಗಿ ಹೊಸದಾಗುತ್ತಿದ್ದ ಪುಟವನ್ನು ಸೆಕೆಂಡಿಗೊಮ್ಮೆ ಹೊಸದಾಗುವಂತೆ ಮಾಡಿದ್ದಳು. ಆಮೇಲೆ ಬೆಳಗಿನ ಸಾಲು ಮತ್ತೆ ಬರತೊಡಗಿದರೂ ಅದನ್ನು ಮೊದಲಿನಂತೆ ಬದಲಿಸಲು ಮರೆತಿದ್ದಳು. ಅದೂ ಇದೇ ಕೀಯಿಂದ. ಅರವತ್ತೂ ಕರೆಗಳನ್ನು ಅವಳೇ ನುಂಗಿದ್ದಳು!

ಸುಮ್ಮನೆ ಪುಟ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯದು. ಆದರೆ ಸಾಹೇಬರ ಮನಸ್ಸಿನಲ್ಲಿ ಕಳ್ಳ ಇವನೇ ಆಗಿ ಉಳಿಯುತ್ತಾನೆ...

"ಏನು ಸಿಕ್ತು?" ಅವನ ದನಿಯಲ್ಲಿ ಈಗ ಅನುಮಾನವಿತ್ತು. "ಮುಖ ಯಾಕೆ ಹಾಗಾಯ್ತು?"

ಅವಳು ಫೋನು ತೆಗೆದಳು.

"ಸರ್, ಸಿಕ್ಕಿತು. ನನ್ನದೇ ಲ್ಯಾಪ್‌ಟಾಪು, ಸೆಕೆಂಡಿಗೊಂದು ಸಲ ಕೇಳ್ತಿತ್ತು. ತೂಬಿನವರದು ಏನೂ ತಪ್ಪಿಲ್ಲ."

"ನಿನ್ನದಾ? ಸೆಕೆಂಡಿಗೊಂದು ಸಲ ಅಲ್ಲಿ ಏನಮ್ಮ ನೋಡ್ತಿದ್ದೆ ನೀನು?" ಸಾಹೇಬರ ದನಿ ಏರಿಯವರೆಗೂ ಕೇಳಿಸಿತು.

ಅವಳ ಕಿವಿ ಬಿಸಿಯಾಯಿತು. "...ಷರಾ, ಸರ್."

"ಬರಹದಲ್ಲಿ ಕೊಡು!"

"ಕೊಡ್ತೀನಿ ಸರ್. ಹಾಗೇ ಬರೀತೀನಿ."

ಫೋನಿಟ್ಟು ಅವಳು ಆ ಪುಟ ಮುಚ್ಚಿದಳು. ಅಕ್ಕ ಇಬ್ಬರ ಮುಖವನ್ನೂ ಒಮ್ಮೆ ನೋಡಿ, ನಗು ನುಂಗಿಕೊಂಡು, ಮೊರ ಎತ್ತಿಕೊಂಡು ಒಳಗೆ ಹೋದಳು.

ಅವಳು ಲ್ಯಾಪ್‌ಟಾಪನ್ನು ಮಡಿಚಿ ಪಕ್ಕಕ್ಕಿಟ್ಟಳು.

"ಕಳ್ಳ ಅಂದುಕೊಂಡೆ ನಿಮ್ಮನ್ನ," ಎಂದಳು ಅವಳು. "ಆ ಸಾಲುಗಳನ್ನ ಬರೆಯೋರು ಹೀಗೆ ಮಾಡಿದ್ದಾರಲ್ಲ ಅಂತ... ಅದಕ್ಕೇ ಅಷ್ಟು ಸಿಟ್ಟು ಬಂದಿದ್ದು. ಮೂರು ವಾರದ ಹಿಂದೆ ಎರಡು ದಿನ ಸಾಲು ಬರದೇ ಹೋದಾಗ ದಿಗಿಲಾಗಿ ಹಾಗೆ ನೋಡೋಕೆ ಶುರು ಮಾಡಿದ್ದೆ."

"ಜ್ವರ ಬಂದಿತ್ತು ಆ ಎರಡು ದಿನ," ಎಂದ ಅವನು, ನಾಲೆಯ ಕಡೆ ನೋಡುತ್ತ. "ಎದ್ದ ಮೇಲೆ ಒಂದು ಷರಾ ಬರೆದೆ. ಹೋಗಲೇ ಇಲ್ಲ. ಸಂಜೆಯೊಳಗೆ ಹದಿನೇಳು ಸಲ ಒತ್ತಿ ಕೈಬಿಟ್ಟೆ. ಪ್ರತಿ ಸಲವೂ 'ಕಾಯಿರಿ' ಅಂತು."

"ಏನು ಬರೆದಿದ್ರಿ?"

ಅವನು ತಡವರಿಸಿದ. "ಇದನ್ನ ಯಾರಾದ್ರೂ ಓದ್ತಿದ್ದೀರಾ, ಅಂತ."

ಅವಳ ಕಣ್ಣು ತುಂಬಿತು... ನಗುವೂ ಬಂತು.

"ಓದ್ತಿದ್ದೆ," ಎಂದಳು ಮೆಲ್ಲನೆ. "ಓದ್ತಿದ್ದಿದ್ದಕ್ಕೇ ಅದು ಬರಲಿಲ್ಲ."

"ಹಾಗಾದ್ರೆ ಇನ್ನು ನೋಡಲ್ವಾ?"

"ನಿಮಿಷಕ್ಕೊಂದು ಸಲ. ಅಷ್ಟೇ ಮಿತಿ ಹಾಕ್ಕೋತೀನಿ."

"ಮತ್ತೆ ಉಳಿದ ಹೊತ್ತು?"

ಅವಳು ತಲೆ ತಗ್ಗಿಸಿದಳು. "ಉಳಿದ ಹೊತ್ತಿನ ಷರಾ... ಬಾಯಲ್ಲೇ ಹೇಳ್ತೀರಾ? ನಾನೇ ಬರ್ತೀನಿ."