ದೀಪವನ್ನೂ ಒಯ್ದ ಕಳ್ಳ

ಬಾಗಿ ಹಾಲಾಡಿಯಿಂದ ಮೊದಲ ಬಸ್ಸಿಗೆ ಬ್ರಹ್ಮಾವರಕ್ಕೆ ಬಂದವಳು, ಗೋಮತಿ ಟೀಚರ ಜಗಲಿಯಲ್ಲಿ ಕುಳಿತು ಕೊಟ್ಟ ಚಾ ಕೂಡ ಮುಟ್ಟಲಿಲ್ಲ. ಗೋಮತಿ ಟೀಚರೆಂದರೆ ಊರಿಗೆ ಬರೀ ನಿವೃತ್ತ ಕನ್ನಡ ಪಂಡಿತೆಯಲ್ಲ. ಕಳೆದುಹೋದ ಸರದಿಂದ ಹಿಡಿದು ಓಡಿಹೋದ ಮದುಮಗನವರೆಗೆ ಎಲ್ಲವನ್ನೂ ಹುಡುಕಿಕೊಟ್ಟವರು. ಅವರನ್ನು ಅಲ್ಲಿಗೆಲ್ಲ ಕರೆದೊಯ್ಯುವ ರಿಕ್ಷಾ ಬಾಗಿಯ ತಮ್ಮ ಚಂದುವಿನದು. ಟೀಚರ ಅರ್ಧ ಬುದ್ಧಿ ಹುಟ್ಟುವುದೇ ತನ್ನ ಹಿಂದಿನ ಸೀಟಿನಲ್ಲಿ ಎಂದು ಅವನು ಸ್ಟ್ಯಾಂಡಿನಲ್ಲಿ ಕೊಚ್ಚಿಕೊಳ್ಳುವುದುಂಟು. ಅವತ್ತು ಮಾತ್ರ ಅವನು ಅಕ್ಕನ ಹಿಂದೆ ಕಂಬ ಹಿಡಿದು ನಿಂತಿದ್ದ.

"ನನ್ ಮಗ ಕಳ್ಳ ಅಲ್ಲ ಟೀಚರೆ," ಅಂದಳು ಬಾಗಿ. "ನಿನ್ನೆ ಪೇಟಿಯಗೆ ಎಲ್ಲರೆದ್ರ್ ಉಡುಪ್ರ್ ಅವ್ನನ್ನ್ ಕಳ್ಳ ಅಂದ್ರಂಬ್ರ್. ಇವತ್ತ್ ಮಧ್ಯಾಹ್ನ ಪೊಲೀಸ್ರಿಗ್ ಕೊಡ್ತ್ರಂಬ್ರ್."

ವಿಷಯ ಇಷ್ಟು. ಕುಂದಾಪುರದ ಕೋಡಿಯ ಗಾಳಿಮರದ ತೋಪಿನಲ್ಲಿ, ಎಂದೋ ಹಡಗಿನಲ್ಲಿ ಬಂದಿಳಿದ ಪರದೇಶದ ದಂಡೊಂದು ಸತ್ತ ತನ್ನ ಸಿಪಾಯಿಗಳಿಗಾಗಿ ಕಟ್ಟೆ ಕಟ್ಟಿ, ಮೇಲೊಂದು ಕೆತ್ತಿದ ಕಲ್ಲು ನಿಲ್ಲಿಸಿ ಹೋಗಿತ್ತು. ದಂಡು ಹೋಯಿತು, ಮುಳ್ಳು ಬೆಳೆಯಿತು. ಈಗ ಹೋಟೆಲು ಯಜಮಾನ ಕಮಲಾಕ್ಷ ಉಡುಪರು ಸಮಿತಿ ಕಟ್ಟಿ, ಮುಳ್ಳು ಕಡಿಸಿ, ದುರಸ್ತಿಗೆ ಕೈಹಾಕಿದ್ದರು. ಮೆತ್ತನೆಯ ಬ್ರಶ್ಶಿನಲ್ಲಿ ಕಲ್ಲು ತೊಳೆದು ಅಕ್ಷರ ಎಬ್ಬಿಸುವ ಕೆಲಸ ಬಾಗಿಯ ಮಗ ರತೀಶನದು. ಆ ಕೆಲಸ ಕೊಡಿಸಿದವನು ಸೋದರಮಾವ ಚಂದುವೇ. ಹಳೆಯ ಕಟ್ಟೆ ಬಿಚ್ಚಿ ಹೊಸದಾಗಿ ಕಟ್ಟಲು ಇವತ್ತು ಸಂಜೆ ಶುರುಮಾಡಬೇಕಿತ್ತು. ನಿನ್ನೆ ಬೆಳಿಗ್ಗೆ ನೋಡಿದರೆ ಕಲ್ಲೇ ಇಲ್ಲ! ಗೇಟಿಗೆ ಹಾಕಿದ ಬೀಗ ಹಾಕಿದಂತೇ ಇತ್ತು, ಕೀ ಇದ್ದದ್ದು ರತೀಶನ ಹತ್ತಿರ.

ಮೂವರೂ ತೋಪಿಗೆ ಬಂದಾಗ ಮಂಜು ಕರಗಿರಲಿಲ್ಲ. ರತೀಶನೂ ಉಡುಪರೂ ಅಲ್ಲೇ ಕಾಯುತ್ತಿದ್ದರು. ಗಾಳಿಮರದ ಸುಯ್ಲು ಯಾವುದು, ಕಡಲಿನದು ಯಾವುದು ಎಂದು ತಿಳಿಯದೆ, ತಾನು ನಿದ್ದೆಯಿಂದ ಎದ್ದಿದ್ದೇನೋ ಇಲ್ಲವೋ ಎಂದು ಚಂದುವಿಗೆ ಅನುಮಾನ ಬಂತು. ಇದೆಲ್ಲ ಕನಸಾಗಿದ್ದರೆ ಎಷ್ಟು ಚೆನ್ನ ಎಂದೂ ಅನಿಸಿತು. ಗೇಟಿನಲ್ಲಿ ಮೊನ್ನೆ ಸಂಜೆ ಕಟ್ಟಿದ ಫ್ಲೆಕ್ಸು: 'ವೀರಸ್ಮಾರಕ ಜೀರ್ಣೋದ್ಧಾರ'. ಅದರಲ್ಲಿ ಸ್ಮಾರಕಕ್ಕಿಂತ ಉಡುಪರೇ ದೊಡ್ಡದಾಗಿದ್ದರು. ಟೀಚರು ಅದನ್ನು ಎರಡು ಸಲ ಓದಿದರು.

ಬರಿದಾದ ಕಟ್ಟೆಯ ಮೇಲೆ ಅಡಿಕೆ ಸಿಂಗಾರದ ಹೂವೆಸಳು ನಾಲ್ಕಾರು ಬಿದ್ದಿದ್ದವು. ಮೂಲೆಯಲ್ಲಿ ಎಣ್ಣೆಜಿಡ್ಡಿನ ಗುರುತು.

"ಇಲ್ಲಿ ದೀಪ ಇದ್ದಿತ್ತಾ ರತೀಶ?"

"ಹೌದ್ ಟೀಚರೆ. ಮಣ್ಣಿಂದ್, ಬಾಯಿ ಒಡದ್ದ್. ಆಚಿಮನಿ ಜಲಜಕ್ಕ ದಿನಾ ಹೊತ್ಸೂದ್. ಈಗ ಅದೂ ಕಾಣ್ತಿಲ್ಲೆ." ರತೀಶನ ಕಣ್ಣು ಅತ್ತು ಊದಿಕೊಂಡಿತ್ತು.

ಕಡಲ ಬದಿಗೆ ಬೇಲಿಯೇ ಇರಲಿಲ್ಲ. ಅಲ್ಲೊಂದು ಕಾಲುದಾರಿ ಸವೆದು ನುಣ್ಣಗಾಗಿತ್ತು. "ಕಡ್ಲಿಂದ ಯಾರ್ ಬತ್ರ್ ಅಂದೇಳಿ ಹಾಕ್ಸ್ಲಿಲ್ಲೆ," ಅಂದರು ಉಡುಪರು.

ಟೀಚರು ಹೇಳಿದಂತೆ ಚಂದು ವಿಚಾರಣೆಗೆ ಹೊರಟ. ಆ ಕಲ್ಲು ತನ್ನ ರೆಸಾರ್ಟಿನ ಅಂಗಳಕ್ಕೆ ಬೇಕೆಂದು ಹಿಂದೆ ಕೇಳಿದ್ದವನು ರೋಹನ್. "ಕೇಂಡದ್ದ್ ಹೌದ್. ಕೊಡ್ತಿಲ್ಲೆ ಅಂದ್ರ್, ಬಿಟ್ಟೆ," ಅಂದ ಅವನು. ಜಲಜಕ್ಕ ಮೀನಿನ ಬುಟ್ಟಿ ತೊಳೆಯುತ್ತಿದ್ದಳು.

"ಕಲ್ಲ್ ಕದ್ದವ್ರನ್ನ್ ಕಂಡ್ರ್ಯಾ ಅಕ್ಕ?"

"ಇಲ್ಲಪ್ಪ. ನಿನ್ನೆ ಅಜ್ಜನ ಕೆಲ್ಸ ಮುಗ್ಸಿದ್ದೇ ಮೀನಿಗ್ ಹೋಯ್ದೆ."

ಮನೆಯಲ್ಲಿ ಮುದುಕರಿರಬೇಕು, ಪಾಪ, ಅಂದುಕೊಂಡ ಚಂದು. ಇದನ್ನೂ ಟೀಚರಿಗೆ ಹೇಳಿದಾಗ ಅವರ ಮುಖ ಅರಳಿತು. "ಎಲ್ಲರನ್ನೂ ಕರ್ಕಂಡ್ ಬಾ ಮಾರಾಯ."

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಗಾಳಿಮರದ ಅಡಿಯಲ್ಲಿ ಸೇರಿದರು. ಜಲಜಕ್ಕನ ಜೊತೆ ಗಂಡ ಕುಷ್ಟನೂ ಬಂದಿದ್ದ. ಸಂಜೆಯ ಸಭೆಗೆಂದು ಮರಕ್ಕೆ ಕಟ್ಟಿದ ಮೈಕು ಗುಂಯ್‌ಗುಡುತ್ತಿತ್ತು. ಠಾಣೆಗೆ ಫೋನು ಮಾಡಲು ಉಡುಪರು ಮೊಬೈಲು ಹಿಡಿದೇ ನಿಂತಿದ್ದರು.

"ಸ್ವಲ್ಪ ತಡೀನಿ ಉಡುಪ್ರೆ," ಅಂದರು ಟೀಚರು. "ಕಲ್ಲ್ ಕದ್ದವ ಒಡ್ಕ್ ದೀಪ ಎಂತಕ್ಕೆ ಒಯ್ತ? ಮಾರುಕೂ ಆತಿಲ್ಲೆ, ರೆಸಾರ್ಟಿಗೂ ಆತಿಲ್ಲೆ. ಅದ್ ಬೇಕಾದ್ದ್ ಕಲ್ಲಿಗ್ ದೀಪ ಇಡುವರಿಗ್ ಮಾತ್ರ. ಮತ್ತೆ, ಕಳ್ಳ ಸಿಂಗಾರ ಹಾಕಿ, ಕೈ ಮುಗ್ದ್ ಕದಿತ್ನಾ? ಬೀಗದ ಮಾತೂ ಬಿಡಿ, ಈ ಬದಿ ದಾರಿ ಇತ್ತಲ್ದಾ. ಇನ್ನ್ ನಿಮ್ಮ ಫ್ಲೆಕ್ಸ್ ಕಾಣಿ. ಜೀರ್ಣೋದ್ಧಾರ ಅಂದ್ ಬರ್ಸಿದ್ರಿ. ನಿಮ್ಮೂರ್ ದೇವಸ್ಥಾನ ಬಿಚ್ಚುಕ್ ಮುಂಚೆ ದೇವ್ರನ್ನ್ ಎಂತ ಮಾಡಿದ್ರಿ?"

"ಎಂತ ಮಾಡುದ್, ಬಾಲಾಲಯದಲ್ಲಿ ಕೂರ್ಸ್..." ಉಡುಪರು ತಿರುಗಿ ತಮ್ಮ ಫ್ಲೆಕ್ಸನ್ನೇ ನೋಡಿದರು. ಹಳೆ ಗುಡಿ ಬಿಚ್ಚಿ ಹೊಸತು ಏಳುವವರೆಗೆ ದೇವರಿಗೊಂದು ಪುಟ್ಟ ಗುಡಿ ಕಟ್ಟಿ ಕೂರಿಸುವ ಪದ್ಧತಿ ಅವರಿಗೆ ಗೊತ್ತಿಲ್ಲದ್ದೇನಲ್ಲ.

ಟೀಚರು ತಿರುಗಿದರು. "ಜಲಜ, ಅಜ್ಜ ಎಲ್ಲಿದ್ರ್?"

"ನಮ್ಮನಿ ಬಾವಿ ಹತ್ರ. ತೆಂಗಿನ ಮಡ್ಲ್ ಹೊದ್ಸಿ ಸಣ್ಣ ಗುಡಿ ಮಾಡಿತ್ತ್. ಫ್ಲೆಕ್ಸ್ ಕಂಡ್, ನಿನ್ನೆ ಬೆಳ್ಗಾತ ನಾನೂ ಇವ್ರೂ ಹೊತ್ಕಂಡ್ ಹೋದ್ದ್," ಅಂದಳು ಜಲಜಕ್ಕ, ಇದೂ ಒಂದು ಪ್ರಶ್ನೆಯೇ ಎಂಬಂತೆ. ಕುಷ್ಟ ತಲೆಯಾಡಿಸಿದ. ಅವರಿಬ್ಬರಿಗೂ ಆ ಕೆತ್ತಿದ ಕಲ್ಲೇ ಅಜ್ಜ.

ಚಂದು ಬಾಯಿಬಿಟ್ಟ. "ಅಕ್ಕಾ, ನಾ ಕೇಂಡಾಗ ಎಂತಕ್ಕೆ ಹೇಳ್ಲಿಲ್ಲೆ?"

"ನೀ ಕೇಂಡದ್ದ್ ಕಲ್ಲಿನ ಸುದ್ದಿ. ಕಟ್ಟಿ ಕಲ್ಲ್ ಅಂದ್ಕಂಡೆ. ಅಜ್ಜನ್ನ್ ಯಾರ್ ಕೇಂಡ್ರ್? ಕಟ್ಟಿ ಬಿಚ್ಚುವಾಗ ಅವ್ರ್ ಬಿಸ್ಲಿಗೆ ನಿಲ್ಲುದಾ? ಪಾಪ, ಊರ್ ಬಿಟ್ಟ್ ಬಂದ್ ಸತ್ತವ್ರ್. ಇಲ್ಲಿ ಅವ್ರಿಗ್ ಯಾರಿದ್ರ್?"

ಚಂದು ನಡೆದದ್ದನ್ನೆಲ್ಲ ಅವಳಿಗೆ ಹೇಳಿದ. ರತೀಶನ ಮೇಲೆ ಕಳ್ಳತನದ ಅಪವಾದ ಬಂದ ಸುದ್ದಿ ಕೇಳಿದ್ದೇ ಜಲಜಕ್ಕ "ಅಯ್ಯೋ ನನ್ನ ಮಗನೆ" ಎಂದು ಎದೆ ಬಡಿದುಕೊಂಡು ಅವನ ಕೈ ಹಿಡಿದಳು. ಚಂದುವಿಗೆ ಅಳು ತಡೆಯಲಾಗಲಿಲ್ಲ. ಅಳಿಯನನ್ನು ತಬ್ಬಿಕೊಂಡು ಗೊಳೋ ಎಂದ.

ಉಡುಪರು ಮೊಬೈಲನ್ನು ಜೇಬಿಗಿಳಿಸಿ ಬಾಗಿಯ ಹತ್ತಿರ ಬಂದರು. "ತಪ್ಪಾಯ್ತ್ ಬಾಗಿ," ಅಂದರು ತಗ್ಗಿದ ದನಿಯಲ್ಲಿ.

"ನನ್ ಕಿವಿಯಗೆ ಹೇಳುದ್ ಬೇಡ," ಅಂದಳು ಬಾಗಿ. "ಕಳ್ಳ ಅಂದದ್ದ್ ಪೇಟಿಯಗೆ."

ಉಡುಪರು ಟೀಚರ ಮುಖ ನೋಡಿದರು. ಟೀಚರು ಮೈಕಿನ ಕಡೆ ಕೈ ತೋರಿಸಿದರು.

"ರತೀಶ ಕಳ್ಳ ಅಲ್ಲ. ನಾನ್ ಹೇಳಿದ್ದ್ ತಪ್ಪ್." ಉಡುಪರ ದನಿ ತೋಪು ದಾಟಿ, ದೋಣಿಗಳ ಮೇಲೆ ಹಾದು, ಮಂಜು ಹರಿದ ಬಯಲಿನುದ್ದಕ್ಕೂ ತೇಲಿಹೋಯಿತು. ಎಲ್ಲಿಯೋ ಒಂದು ನಾಯಿ ಬೊಗಳಿತು.

ಬಾಗಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತಳು.

"ಪೇಟಿಗ್ ಮುಟ್ಟಿತಾ ಇಲ್ಯಾ ಗೊತ್ತಾಯ್ಲಿಲ್ಲೆ," ಅಂದಳು. "ಇನ್ನೊಂದ್ ಸಲ ಹೇಳಿ."