ಒತ್ತಕ್ಷರಕ್ಕೆ ಜಾಗ

"ಬಿಡು ಪುಟ್ಟಾ, ನಾನೇ ಕುಡೀತೀನಿ" ಅಂದ ಅಪ್ಪ.

ಎರಡೂ ಕೈಗಳ ಪ್ಲಾಸ್ಟರ್ ನಡುವೆ ಲೋಟವನ್ನು ಒತ್ತಿ ಹಿಡಿದು ಮೆಲ್ಲಗೆ ಮೇಲೆತ್ತಿದ. ಇನ್ನೇನು ತುಟಿಗೆ ತಾಗಬೇಕು, ಅಷ್ಟರಲ್ಲಿ ಲೋಟ ಸರ್ರನೆ ಜಾರಿತು. ಮೇಜಿನ ಮೇಲೆ ಚಹಾ, ಅಂಗಿಯ ಮೇಲೆ ಚಹಾ, ಮಗಳ ಕಾಲ ಮೇಲೂ ಚಹಾ.

"ಅಯ್ಯೋ, ಸುಟ್ಟಿತಾ?"

"ಇಲ್ಲಪ್ಪಾ. ನೀನು ಆಗಿಂದ ಟ್ರೈ ಮಾಡ್ತಾ ಇದ್ದೀಯಲ್ಲ, ಅದು ಆರಿಹೋಗಿ ತಣ್ಣಗಾಗಿತ್ತು!"

ಅಪ್ಪ ನಗಲಿಲ್ಲ.

ಮಗಳನ್ನು ಎಲ್ಲರೂ ಸೂಜಿ ಅಂತಲೇ ಕರೆಯುತ್ತಿದ್ದರು. ಅಷ್ಟು ಸಣಕಲಿ. "ಮುಂದಿನ ಬೆಂಚಲ್ಲೇ ಕೂತ್ಕೋ, ಹಿಂದೆ ಹೋದ್ರೆ ಹುಡುಕೋರು ಯಾರು?" ಎಂದು ಟೀಚರ್ ಕೂಡ ತಮಾಷೆ ಮಾಡುತ್ತಿದ್ದರು. ಅಪ್ಪ ಬೋರ್ಡ್ ಬರೆಯುವವನು. ಊರಿನ ಅರ್ಧ ಅಂಗಡಿಗಳ ಹೆಸರು ಅವನ ಕೈಯಿಂದಲೇ ಬಂದದ್ದು. ಹೋದ ವಾರ ಏಣಿ ಜಾರಿ ಬಿದ್ದು ಅವನ ಎರಡೂ ಮುಂಗೈ ಮುರಿದಿದ್ದವು. ಅಮ್ಮ ನರ್ಸ್. ಬೆಳಕು ಹರಿಯುವ ಮೊದಲೇ ಡ್ಯೂಟಿಗೆ ಹೋಗಿದ್ದಳು. ಇವತ್ತು ಶನಿವಾರ, ಶಾಲೆಗೆ ರಜೆ. ಹಾಗಾಗಿ ಅಪ್ಪನಿಗೆ ಗಂಜಿ ಕುಡಿಸುವ ಕೆಲಸ ಸೂಜಿಯದು.

ಊಟಕ್ಕೆ ಮೊದಲು ಪ್ರಾರ್ಥನೆ. ಅಪ್ಪ ಕೈ ಜೋಡಿಸಲು ಹೋದ. ಪ್ಲಾಸ್ಟರಿಗೆ ಪ್ಲಾಸ್ಟರ್ ಬಡಿದು ಟಕ್ ಅಂತು.

"ದೇವರೇ, ನನ್ನ ಕೈಲಿ ಏನೂ ಆಗ್ತಿಲ್ಲ. ಇವತ್ತೊಂದು ದಿನ ನೀನೇ ನಡೆಸು. ಆಮೆನ್."

ಸೂಜಿ ಒಂದು ಕಣ್ಣು ತೆರೆದು ನೋಡಿದಳು. ಇಷ್ಟೇನಾ? ಇದೂ ಒಂದು ಪ್ರಾರ್ಥನೆಯಾ? ಸಂಡೇ ಸ್ಕೂಲಿನಲ್ಲಿ ಅವಳು "ಸರ್ವಶಕ್ತನೂ ಮಹೋನ್ನತನೂ ಆದ ಕರ್ತನೇ" ಎಂದು ಶುರು ಮಾಡಿದರೆ ಐದು ನಿಮಿಷ ಎಲ್ಲೂ ತಡವರಿಸುತ್ತಿರಲಿಲ್ಲ.

ಅವಳು ಚಮಚ ಎತ್ತಿದಳು. ಅಪ್ಪ ಮುಖ ಆ ಕಡೆ ತಿರುಗಿಸಿದ. ಆಮೇಲೆ ತಾನಾಗಿಯೇ ಈ ಕಡೆ ತಿರುಗಿ ಬಾಯಿ ತೆರೆದ. ಅವನು ಬಾಯಿ ತೆರೆದಾಗೆಲ್ಲ ಸೂಜಿಯ ಬಾಯಿಯೂ "ಆ" ಎಂದು ತೆರೆದುಕೊಳ್ಳುತ್ತಿತ್ತು.

"ನಿನ್ನ ಬಾಯಿಗೂ ಒಂದು ಚಮಚ ಹಾಕ್ಕೋ" ಅಂದ ಅಪ್ಪ. ಆ ವಾರದಲ್ಲಿ ಮೊದಲ ಸಲ ನಕ್ಕ.

ಗಂಜಿ ಮುಗಿಯಿತು. ಅಪ್ಪ ಮಲಗಿದ. ಸೂಜಿ ಬೆಕ್ಕಿನ ಹೆಜ್ಜೆ ಇಟ್ಟು ಹಿತ್ತಲಿನ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿ ಚರ್ಚಿನ ಹೊಸ ಬೋರ್ಡ್ ಇತ್ತು. ಅಪ್ಪ ಅದಕ್ಕೆ ಬಿಳಿ ಬಣ್ಣ ಹೊಡೆದು ಇಟ್ಟಿದ್ದ, ಅಕ್ಷರ ಬರೆಯುವುದು ಬಾಕಿ ಇತ್ತು. 'ಎಲ್ಲರಿಗೂ ಸ್ವಾಗತ', ಎರಡೇ ಪದ. "ಪರವಾಗಿಲ್ಲ, ಕೈ ವಾಸಿಯಾಗ್ಲಿ" ಎಂದಿದ್ದರು ಪಾಸ್ಟರ್ ಅಂಕಲ್. ಅವರನ್ನು ಗೇಟಿನವರೆಗೆ ಬಿಡಲು ಹೋದ ಸೂಜಿ ಮಾತ್ರ, "ಭಾನುವಾರಕ್ಕೆ ನಾನು ಬರ್ಕೊಡ್ತೀನಿ ಅಂಕಲ್. ಅಪ್ಪನಿಗೆ ಹೇಳ್ಬೇಡಿ, ಸರ್‌ಪ್ರೈಸ್!" ಎಂದುಬಿಟ್ಟಿದ್ದಳು.

"ಕರ್ತನೇ, ನೀನು ಸುಮ್ನೆ ನೋಡ್ತಾ ಇರು" ಎಂದು ಹೇಳಿ ಬ್ರಶ್ ಅದ್ದಿದಳು.

'ಎ' ಚೆನ್ನಾಗೇ ಬಂತು. 'ಲ್ಲ' ಬರೆಯುವಾಗ ಕೆಳಗಿನ ಒತ್ತಿಗೆ ಜಾಗ ಸಾಲದೆ ಅದು ಬೋರ್ಡಿನ ಅಂಚಿಗೆ ಹೋಗಿ ಕೂತಿತು. 'ರಿಗೂ' ಮೇಲಕ್ಕೆ ಹತ್ತಿತು. 'ಸ್ವಾ'ದ ಒತ್ತು ಅರ್ಧ ಒಳಗೆ, ಅರ್ಧ ಗಾಳಿಯಲ್ಲಿ. 'ಗ' ಬರೆಯುವಷ್ಟರಲ್ಲಿ ಬೋರ್ಡೇ ಮುಗಿದುಹೋಯಿತು. 'ತ' ಎಲ್ಲಿ ಬರೆಯೋದು?

ಥಿನ್ನರಿನಿಂದ ಒರೆಸಿದಳು. ನೀಲಿ ಬಣ್ಣ ಹೋಗಲಿಲ್ಲ, ಹರಡಿತು. ಇನ್ನೂ ಒರೆಸಿದಳು. ಬೋರ್ಡ್ ತುಂಬ ನೀಲಿ ಕೆಸರು.

ಸೂಜಿ ನೆಲದ ಮೇಲೆ ಕುಸಿದು ಕೂತಳು. "ಸರ್ವಶಕ್ತನೂ..." ಎಂದು ಶುರು ಮಾಡಿದಳು. ಮುಂದೆ ಒಂದು ಪದವೂ ಬರಲಿಲ್ಲ.

"ಯೇಸಪ್ಪಾ... ನಂಗೆ ಬರಲ್ಲ" ಅಂದಳು. ಅಷ್ಟೇ. ಆಮೆನ್ ಕೂಡ ಮರೆತುಹೋಯಿತು.

ಟಕ್, ಟಕ್.

"ಪುಟ್ಟಾ, ಒಳಗಿದ್ದೀಯಾ? ಥಿನ್ನರ್ ವಾಸನೆ ಮನೆವರೆಗೂ ಬರ್ತಿದೆ."

ಸೂಜಿ ಬ್ರಶ್ಶನ್ನು ಬೆನ್ನ ಹಿಂದೆ ಬಚ್ಚಿಟ್ಟಳು.

"ಈ ಚಿಲಕ ನನ್ನ ಕೈಲಾಗಲ್ಲ ಮಗಳೇ. ನೀನೇ ತೆಗೀಬೇಕು."

ಎಷ್ಟೋ ಹೊತ್ತಾದ ಮೇಲೆ ಅವಳು ಬಾಗಿಲು ತೆರೆದಳು. ಅಪ್ಪ ಬೋರ್ಡ್ ನೋಡಿದ. ಅವಳ ನೀಲಿ ಮೂಗನ್ನೂ ನೋಡಿದ.

"ಹಾಳು ಮಾಡ್ಬಿಟ್ಟೆ ಅಪ್ಪಾ" ಎಂದು ಸೂಜಿ ಬಿಕ್ಕಿದಳು.

"ಇದೇನು ಮಹಾ! ನನ್ನ ಮೊದಲನೇ ಬೋರ್ಡ್ ಹಲ್ಲಿನ ಆಸ್ಪತ್ರೆಗೆ. 'ನ' ಬಿಟ್ಟುಬಿಟ್ಟೆ. ಡಾಕ್ಟರು ಒಂದು ದಿನಪೂರ್ತಿ 'ಹಲ್ಲಿ ಆಸ್ಪತ್ರೆ'ಯಲ್ಲಿ ಕೂತಿದ್ರು."

ಅಳುವಿನ ನಡುವೆಯೇ ಸೂಜಿಗೆ ನಗು ಬಂತು. ಇಬ್ಬರೂ ಪಕ್ಕಪಕ್ಕ ಕೂತರು.

"ಅಪ್ಪಾ, ಬೆಳಿಗ್ಗೆ ಯಾಕೆ ಅಷ್ಟು ಚಿಕ್ಕ ಪ್ರಾರ್ಥನೆ ಮಾಡ್ದೆ?"

"ನನ್ನ ಹತ್ರ ಇದ್ದಿದ್ದೇ ಅಷ್ಟು."

"ದೇವರಿಗೆ ಕೇಳಿಸ್ತಾ?"

"ಮತ್ತೆ ನಂಗೆ ಗಂಜಿ ಕುಡಿಸಿದ್ದು ಯಾರು?"

ತಾನು ಎತ್ತಿದ್ದು ಬರೀ ಚಮಚ ಅಂತ ಸೂಜಿ ಅಂದುಕೊಂಡಿದ್ದಳಲ್ಲ!

"ಏಳು. ಮತ್ತೆ ಬಿಳಿ ಹೊಡಿ" ಅಂದ ಅಪ್ಪ. ಬಣ್ಣ ಒಣಗಲು ಮಧ್ಯಾಹ್ನವಾಯಿತು. ಅವನು ಹೇಳಿದಂತೆ ಅವಳು ಚಾಕ್‌ಪೀಸಿನಲ್ಲಿ ಗೆರೆ ಎಳೆದಳು. "ಎರಡೂ ತುದಿಯಿಂದ ಅಳತೆ ಮಾಡು. ಕೆಳಗಡೆ ಒತ್ತಕ್ಷರಕ್ಕೆ ಜಾಗ ಬಿಡು. ಎಲ್ಲರೂ ಮೇಲಿನ ಅಕ್ಷರ ನೋಡ್ಕೊಂಡು ಅದನ್ನ ಮರೀತಾರೆ."

ಬ್ರಶ್ ಹಿಡಿದರೆ ಕೈ ನಡುಗಿತು.

"ಎಲ್ಲಿ, ಆ ಕೋಲು ಕೊಡು" ಅಂದ ಅಪ್ಪ. ಮೂಲೆಯಲ್ಲಿ ತುದಿಗೆ ಬಟ್ಟೆ ಸುತ್ತಿದ ಒಂದು ಕೋಲಿತ್ತು. "ಇದರ ಮೇಲೆ ಕೈ ಊರಿಕೊಂಡೇ ನಾನು ಬರೆಯೋದು."

"ನೀನೂನಾ?"

"ಇಷ್ಟು ವರ್ಷದಲ್ಲಿ ಇದಿಲ್ಲದೆ ಒಂದು ಗೆರೆಯನ್ನೂ ನೆಟ್ಟಗೆ ಎಳೆದಿಲ್ಲ."

ಸೂಜಿ ಎಷ್ಟೋ ಸಲ ಅಪ್ಪ ಬರೆಯುವುದನ್ನು ನೋಡಿದ್ದಳು. ಯಾವಾಗಲೂ ಬ್ರಶ್ ನೋಡುತ್ತಿದ್ದಳು. ಕೋಲು ಕಂಡೇ ಇರಲಿಲ್ಲ.

ಕೋಲು ಅವಳಿಗೆ ತೀರಾ ಉದ್ದವಾಯಿತು. ಆಗ ಅಪ್ಪ ತನ್ನ ಪ್ಲಾಸ್ಟರ್ ಕೈಯನ್ನೇ ಬೋರ್ಡಿಗೆ ಒರಗಿಸಿ, "ಇದರ ಮೇಲೆ ಊರು" ಅಂದ. "ಉಸಿರು ಬಿಡ್ತಾ ಎಳಿ. ಅವಸರ ಬೇಡ."

ಅವಳು ಊರಿದಳು. ನಡುಕ ನಿಂತಿತು.

ಭಾನುವಾರ ಚರ್ಚಿನ ಬಾಗಿಲಲ್ಲಿ ಬೋರ್ಡ್ ತೂಗಿತು. 'ತ' ಒಂಚೂರು ವಾಲಿತ್ತು. ಅದರ ಕೆಳಗೆ ಒಬ್ಬ ಅಜ್ಜಿ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಸೂಜಿ ಆ ಅಜ್ಜಿಯನ್ನು ಯಾವತ್ತೂ ನೋಡಿರಲಿಲ್ಲ.

"ಎಲ್ಲರಿಗೂ ಅಂದ್ರೆ... ಯಾರು ಬೇಕಾದ್ರೂ ಬರಬಹುದೇನಮ್ಮಾ?"

"ಹೂಂ ಅಜ್ಜಿ. ಬನ್ನಿ."

ಅಜ್ಜಿ ಕಾಲಿನಿಂದ ಮೆಟ್ಟಿಲು ಹುಡುಕಿದಳು. ಕಾಲ ಬುಡದ್ದು ಸರಿಯಾಗಿ ಕಾಣುತ್ತಿರಲಿಲ್ಲವೇನೋ. ಸೂಜಿ ಕೈ ಚಾಚಿದಳು. ಅಜ್ಜಿ ಅದನ್ನು ಹಿಡಿದು ತನ್ನ ಭಾರವನ್ನೆಲ್ಲ ಅವಳ ಮೇಲೆ ಬಿಟ್ಟಳು. ಒಂದು ಮೆಟ್ಟಿಲು, ಎರಡು ಮೆಟ್ಟಿಲು, ನಿಧಾನವಾಗಿ ಒಳಗೆ ಹೋಗಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು.

ಅರ್ಧ ಹಾಡು ಮುಗಿದ ಮೇಲೆ, ಬೋರ್ಡ್ ಬರೆದದ್ದು ಯಾರೆಂದು ಅಜ್ಜಿಗೆ ಹೇಳಲೇ ಇಲ್ಲ ಎನ್ನುವುದು ಸೂಜಿಗೆ ನೆನಪಾಯಿತು. ಹೇಳಬೇಕು ಅಂತಲೂ ಅನ್ನಿಸಲಿಲ್ಲ. ಅಜ್ಜಿಗೆ ಹಾಡಿನ ಪದಗಳು ಗೊತ್ತಿರಲಿಲ್ಲ. ಸೂಜಿ ಅವಳ ಕಿವಿಯ ಹತ್ತಿರ ಬಾಗಿ, ಒಂದೊಂದೇ ಸಾಲನ್ನು ಮೆಲ್ಲಗೆ ಹೇಳಿಕೊಡತೊಡಗಿದಳು.