ಪೂಜೆಗಿಟ್ಟ ಲಾಳಿಕೆ

ಸ್ಪ್ಯಾನರ್ ನನ್ನ ಕಿವಿ ಸವರಿಕೊಂಡು ಹೋಗಿ ವಿಮಾನ ನಿಲ್ಲಿಸುವ ಹ್ಯಾಂಗರಿನ ತಗಡಿಗೆ ಬಡಿಯಿತು... ಠಣ್!

ಒಂದಂಗುಲ ಈಚೆ ಬಿದ್ದಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ, ಸ್ವಾಮಿ.

ಐವತ್ತೆಂಟನೇ ಇಸವಿ. ಮೀನಂಬಾಕಂ ವಿಮಾನ ನಿಲ್ದಾಣ. ಮಟಮಟ ಮಧ್ಯಾಹ್ನ. ನನ್ನ ಕೈಯಲ್ಲಿ ಒಂದು ಬಾಟಲಿ. ಅದರಲ್ಲಿ ಫ್ಲೈಯಿಂಗ್ ಕ್ಲಬ್ಬಿನ ಡ್ರಮ್ಮಿನಿಂದ ತೆಗೆದ ಪೆಟ್ರೋಲು. ಅದನ್ನು ಕಂಡೇ ಮೆಕ್ಯಾನಿಕ್ ಹರಿಹರ ನನ್ನ ತಲೆ ಒಡೆಯಲು ಹೊರಟಿದ್ದ.

ನಾನು ಮೊದಲು ಪೊಲೀಸು. ಈಗ ವಿಮಾ ಕಂಪನಿಗೆ ಅಪಘಾತಗಳ ತನಿಖೆ. ನಾಲ್ಕು ದಿನದ ಹಿಂದೆ, ವಿಜಯದಶಮಿ ಬೆಳಿಗ್ಗೆ, ಸುರೇಶ್ ಅನ್ನುವ ಟ್ರೈನೀ ಮೊದಲ ಬಾರಿ ಒಬ್ಬನೇ ಹಾರಿದ. ಇಳಿಯುವಾಗ ಎಂಜಿನ್ ನಿಂತುಹೋಯಿತು. ವಿಮಾನ ತಾಳೆಮರಕ್ಕೆ ಬಡಿಯಿತು. ಎರಡೂ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ. ಹೆದರಿ ತಾನೇ ಎಂಜಿನ್ ಆಫ್ ಮಾಡಿದ ಅಂತ ಕ್ಲಬ್ಬಿನವರ ವಾದ. ಸಂಜೆಯೊಳಗೆ ನಾನೂ ಹಾಗೇ ಬರೆದುಕೊಟ್ಟರೆ ಅವನು ಇನ್ನೆಂದೂ ವಿಮಾನ ಮುಟ್ಟುವಂತಿಲ್ಲ.

ಹರಿಹರ ಓಡಿದ. ನಾನೂ ಓಡಿದೆ... ನಲವತ್ತೈದು ದಾಟಿದ ಮೊಣಕಾಲು! ಬೇಲಿ ಹಾರಿದ. ನಾನು ಬೇಲಿಯಲ್ಲಿ ಪ್ಯಾಂಟು ಹರಿದುಕೊಂಡೆ. ರೈಲ್ವೆ ಗೇಟಿನಲ್ಲಿ ತಾಂಬರಂ ಟ್ರೈನು ಅಡ್ಡ ಬಂತು. ಕಾಲರ್ ಸಿಕ್ಕಿತು.

ಬಾಟಲಿಯನ್ನು ಅವನ ಮುಖಕ್ಕೆ ಹಿಡಿದೆ. ಮೇಲೆ ಪೆಟ್ರೋಲು. ತಳದಲ್ಲಿ ಎರಡು ಬೆರಳು ನೀರು.

"ಸೋಸಲಿಲ್ವೇನೋ?"

"ದಿನಾ ಸೋಸ್ತೀನಿ ಸಾರ್. ಪೆಟ್ರೋಲು ಸುರಿಯೋ ಲಾಳಿಕೆಗೆ ತೊಗಲು ಹಾಕಿ. ಆ ತೊಗಲು ಒಂದು ಹನಿ ನೀರೂ ಬಿಡಲ್ಲ."

"ಅವತ್ತು?"

ಅವನು ಹಳಿಯ ಪಕ್ಕ ಕುಸಿದು ಕೂತ.

"ಲಾಳಿಕೆ ಪೂಜೇಲಿತ್ತು ಸಾರ್. ಆಯುಧಪೂಜೆಗೆ ಇಟ್ಟಿದ್ದನ್ನ ಮಾರನೇ ದಿನ ಪೂಜೆ ಆಗದೆ ಮುಟ್ಟಬಾರದಲ್ಲ... ಪೂಜೆ ಮಾಡೋ ಐಯರ್ ಬರೋದು ಹತ್ತಕ್ಕೆ. ಆ ಹುಡುಗನ ತಾಯಿ ಎಂಟಕ್ಕೇ ಮುಹೂರ್ತ ಇಡಿಸಿದ್ರು. ಹೊಸ ವಿದ್ಯೆ, ದಶಮೀಲೇ ಶುರುವಾಗಬೇಕು ಅಂತ. ಒಂದು ದಿನ ತಾನೇ ಅಂತ ಹಾಗೇ ಸುರಿದುಬಿಟ್ಟೆ."

ಇಳಿಯಲು ವಿಮಾನದ ಮೂಗು ಬಗ್ಗಿದೆ. ಟ್ಯಾಂಕಿನ ತಳದ ನೀರು ಎಂಜಿನ್ನಿಗೆ ಹೋಗಿದೆ. ಅಷ್ಟೇ!

ಹೊಡೆಯಲು ಕೈ ಎತ್ತಿದವನು ಇಳಿಸಿದೆ. ಆ ದಿನ ಮನೆಯಲ್ಲಿ ನನ್ನ ಸ್ವಂತ ರಿವಾಲ್ವರೂ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿತ್ತು. ನಾನೂ ಮುಟ್ಟಿರಲಿಲ್ಲ. ಅವನು ಅಳುತ್ತಲೇ ಹೇಳಿಕೆಗೆ ಸಹಿ ಹಾಕಿದ.

ಆಸ್ಪತ್ರೆಗೆ ಹೋದೆ. ಸುರೇಶ್ ನಿದ್ದೆಯಲ್ಲಿದ್ದ. ಪಕ್ಕದಲ್ಲಿ ತಾಯಿ ನೀಲಗಂಗಮ್ಮ, ಹಣೆ ತುಂಬ ವಿಭೂತಿ.

"ನನ್ ಮಗನ ತಪ್ಪೇನ್ರೀ?"

"ಇಲ್ಲ ತಾಯಿ. ಪೆಟ್ರೋಲಿನಲ್ಲಿ ನೀರಿತ್ತು. ಅವನು ಮತ್ತೆ ಹಾರಬಹುದು."

ಆಕೆ ಕಣ್ಣೊರೆಸಿಕೊಂಡರು.

"ನಂಗ ಗೊತ್ತಿತ್ರೀ. ಅಂಥಾ ಛಲೋ ಮುಹೂರ್ತ ಇಡಿಸಿದ್ದೆ. ಅದಕ್ಕ ಜೀವ ಉಳೀತು."

ಹೌದು ಅಂತ ತಲೆಯಾಡಿಸಿದೆ.

ವರಾಂಡದ ಬೆಂಚಿನ ಮೇಲೆ ಕೂತು ರಿಪೋರ್ಟ್ ಬರೆದೆ. ಹರಿಹರನ ಹೆಸರು ಬಂತು. ಲಾಳಿಕೆ ಬಂತು. ಪೂಜೆಯೂ ಬಂತು.

ಮುಹೂರ್ತ ಮಾತ್ರ ಬರಲಿಲ್ಲ. ಹುಡುಕಿದೆ... ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ.